ಖಾಲಿ ಇದ್ದ ನಲವತ್ತಮೂರು ಹೆಂಗಸರು

ನಮ್ಮೂರಿನ ಹೆಂಗಸರೆಲ್ಲ ಖಾಲಿ ಇದ್ದಾರೆ ಎಂಬುದು ನಮಗೆ ಗೊತ್ತಾದದ್ದು ಟ್ರಸ್ಟಿನ ಬೋರ್ಡು ಬಂದ ಮೇಲೆ. ಅದುವರೆಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಲು ಪುರುಸೊತ್ತೂ ಇರಲಿಲ್ಲ.

ನಮ್ಮದು ತೆಲುಗು ಸೀಮೆಯೊಳಗಿನ ಕನ್ನಡ ಮಾತಿನ ಊರು. ಬೋರ್ಡು ತೆಲುಗಿನಲ್ಲಿತ್ತು. ನಾನು ಓದಿ ಹೇಳಿದೆ. ಯಾವ ಕೆಲಸವೂ ಇಲ್ಲದೆ ಖಾಲಿ ಇದ್ದ ನಲವತ್ತಮೂರು ಮಹಿಳೆಯರಿಗೆ ಬದುಕು ಕೊಡುವ ಕೇಂದ್ರ ಎಂದು ಬರೆದಿತ್ತು. ನಮ್ಮ ಆಯಿ, ಅಂದರೆ ಅಪ್ಪನ ತಾಯಿ ಮಾಳಮ್ಮ, ತಲೆಯ ಮೇಲಿನ ಕುರಿ ಹಿಕ್ಕಿಯ ಬುಟ್ಟಿ ಇಳಿಸದೆ ಕೇಳಿಸಿಕೊಂಡಳು.

"ಯಾವೂರ ಹೆಂಗಸ್ರಂತ ಬೇ ಅವ್ರು?"

"ನಮ್ಮೂರವ್ರೇ, ಆಯಿ."

"ಹೌದಾ? ಯಾರ್ಯಾರು?"

"ನೀನೂ ಒಬ್ಬಾಕಿ."

ಆಯಿ ಬುಟ್ಟಿಯನ್ನು ಸರಿಮಾಡಿಕೊಂಡಳು. "ನಾ ಖಾಲಿ ಇದ್ದಾಗ ಹೇಳು, ಬಂದು ನೋಡ್ತೀನಿ" ಅಂದು ಹೊಲದ ಕಡೆ ನಡೆದಳು.

ಇದು ಹೇಗಾಯಿತೆಂದರೆ, ಹಿಂದಿನ ವರ್ಷ ಮಳೆಗಾಲದಲ್ಲಿ ಅನಿಲಕುಮಾರ ಸಾರ್ ಸರ್ವೆ ಮಾಡಲು ಬಂದಿದ್ದರು. ಜಹೀರಾಬಾದಿನವರು, ಟ್ರಸ್ಟಿನ ನೌಕರಿಯವರು. ನಮ್ಮೂರು ಕಲ್ಹೇರಿನಿಂದ ಆರು ಮೈಲಿ. ಬಸ್ಸು ದಾಂಬರು ರಸ್ತೆಯಲ್ಲಿ ಇಳಿಸುತ್ತದೆ, ಅಲ್ಲಿಂದ ನಡೆಯಬೇಕು. ಸಾರ್ ನಡೆದುಕೊಂಡೇ ಬಂದರು. ಅವರ ಕೈಯಲ್ಲಿ ದೊಡ್ಡ ಫೋನಿತ್ತು. ಅದರಲ್ಲಿ ಪ್ರಶ್ನೆ, ಪ್ರಶ್ನೆಯ ಕೆಳಗೆ ಒತ್ತುವ ಚೌಕಗಳು. ನೌಕರಿ, ವ್ಯಾಪಾರ, ಒಕ್ಕಲುತನ, ಕೂಲಿ, ಖಾಲಿ. ನಾನು ಹಿಂದೆ ನಿಂತು ನೋಡಿದೆ. ಏಳನೇ ತರಗತಿಯವರೆಗೆ ತೆಲುಗು ಓದಿದ್ದೇನೆ. ಹೈಸ್ಕೂಲು ಕಲ್ಹೇರಿನಲ್ಲಿತ್ತು, ಕುರಿಮರಿಗಳು ಮನೆಯಲ್ಲಿದ್ದವು. ಹಾಗಾಗಿ ಅಲ್ಲಿಗೇ ನಿಂತಿತು.

ಮೊದಲು ನಮ್ಮ ಮನೆ. ಅವ್ವ ಗುರುಲಿಂಗಮ್ಮ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು.

"ಏನ್ ಕೆಲ್ಸ ಮಾಡ್ತೀಯಮ್ಮಾ?"

"ಏನ್ ಮಾಡ್ತೀನ್ರಿ, ಖಾಲಿ ಕುರಿ ನೋಡ್ಕೊಂಡ ಇರ್ತೀನ್ರಿ."

ಸಾರ್ ಖಾಲಿ ಒತ್ತಿದರು.

ಪಕ್ಕದ ಮನೆಯ ಮೋನಮ್ಮ ಕಾಕು ಅಂಗಳದಲ್ಲಿ ಕೂತು ಉಣ್ಣೆಯೊಳಗಿನ ಮುಳ್ಳು ಆರಿಸುತ್ತಿದ್ದಳು.

"ನೀವ್ ಏನ್ ಮಾಡ್ತೀರಮ್ಮಾ?"

"ನಂದೇನ್ರಿ, ಖಾಲಿ ಉಣ್ಣಿ ನೂಲೋದು."

ಖಾಲಿ ಒತ್ತಿದರು.

ನಮ್ಮಲ್ಲಿ ಖಾಲಿ ಅಂದರೆ ಬರೇ ಎಂದರ್ಥ. ದೊಡ್ಡವರ ಮುಂದೆ ನಮ್ಮ ಕೆಲಸದ ಹೆಸರು ಹೇಳುವಾಗ ಮೊದಲು ಖಾಲಿ ಅನ್ನುತ್ತೇವೆ. ಅನ್ನದಿದ್ದರೆ ಜಂಬ ಕೊಚ್ಚಿಕೊಂಡ ಹಾಗಾಗುತ್ತದೆ. ಕುರಿ ಎಷ್ಟು ಎಂದು ಕೇಳಿದರೂ ಹಾಗೆಯೇ. ಕುರಿಯ ಲೆಕ್ಕವನ್ನು ಬಾಯಿಬಿಟ್ಟು ಹೇಳಬಾರದು, ದೃಷ್ಟಿಯಾಗುತ್ತದೆ. ಸಾರ್ ಆಯಿಯನ್ನು ಕೇಳಿದಾಗ ಅವಳು "ಅವೇನ್ರಿ, ಖಾಲಿ ನಾಕು" ಅಂದಳು. ನಮ್ಮ ಹಿಂಡಿನಲ್ಲಿ ಕಾವಲಿಗೆ ಇರುವ ನಾಯಿಗಳೇ ನಾಲ್ಕು. ಸಾರ್ ನಾಲ್ಕು ಕುರಿ ಬರೆದುಕೊಂಡು ಮುಖವನ್ನು ಸಣ್ಣದು ಮಾಡಿಕೊಂಡರು. ಪಾಪ, ಅವರಿಗೆ ನಿಜವಾಗಿಯೂ ಬೇಸರವಾಗಿತ್ತು.

ಸಂಜೆಗೆ ಓಣಿಯ ಮನೆಗಳೆಲ್ಲ ಮುಗಿದು ನಲವತ್ತಮೂರು ಹೆಂಗಸರಾದರು. ಕೊನೆಗೆ ಕೆರೆಯ ಕೆಳಗಿನ ಬಯಲಿಗೆ ಬಂದರು. ಅಲ್ಲಿ ನಮ್ಮ ಓಣಿಯ ಹಿರಿಯ ಮರೆಪ್ಪ ಕಾಕಾ ಬೀಡಿ ಸೇದುತ್ತ ಕೂತಿದ್ದ.

"ಈ ಜಾಗಾ ಯಾರ್ದು?"

"ಯಾರ್ದಂತ ಹೇಳ್ಲಿರಿ? ಖಾಲಿ ಕುರಿ ತೊಳಿಯೋ ಜಾಗಾ."

ಖಾಲಿ ಜಾಗ ಎಂದು ಬರೆದುಕೊಂಡರು. ಫೋಟೋ ತೆಗೆದರು. ಆ ದಿನ ಅಲ್ಲಿ ಕುರಿ ಇರಲಿಲ್ಲ. ಫೋಟೋದಲ್ಲಿ ಜಾಗ ನಿಜವಾಗಿಯೂ ಖಾಲಿಯಾಗಿ ಬಂತು.

ಆ ಬಯಲು ವರ್ಷದಲ್ಲಿ ಎರಡು ಸಲ ತುಂಬುತ್ತದೆ. ಗಂಡಸರು ಹಿಂಡು ಹೊಡೆದುಕೊಂಡು ತಾಂಡೂರಿನ ಕಡೆಯ ತೊಗರಿ ಹೊಲಗಳಿಗೆ ಹೋಗುತ್ತಾರೆ. ರಾತ್ರಿ ಹೊಲದಲ್ಲಿ ಕುರಿ ತರುಬಿ ನಿಲ್ಲಿಸುತ್ತಾರೆ, ಗೊಬ್ಬರಕ್ಕೆ ಬದಲು ಕಾಳು ತರುತ್ತಾರೆ. ಸಂಕ್ರಾಂತಿ ಕಳೆದು ಹದಿನೈದು ದಿನಕ್ಕೊಮ್ಮೆ, ಆಷಾಢದಲ್ಲೊಮ್ಮೆ ಎಲ್ಲ ಹಿಂಡುಗಳು ಊರಿಗೆ ತಿರುಗುತ್ತವೆ. ಕೆರೆಯಲ್ಲಿ ಕುರಿಗಳನ್ನು ತೊಳೆದು, ಬಯಲಿನಲ್ಲಿ ಒಣಗಿಸಿ, ಅಲ್ಲೇ ಉಣ್ಣೆ ಕತ್ತರಿಸುತ್ತೇವೆ. ಗಂಡಸರು ಕತ್ತರಿ ಹಿಡಿಯುತ್ತಾರೆ. ಹೆಂಗಸರು ಕುರಿಯ ಕಾಲು ಹಿಡಿಯುತ್ತೇವೆ. ನಾಲ್ಕೂ ಕಾಲು ಕೂಡಿಸಿ ಹಿಡಿದು ಬಗ್ಗಿ ಕೂಡಬೇಕು. ಕುರಿ ಒದೆಯುತ್ತದೆ. ಅವ್ವನ ಮುಂದಿನ ಹಲ್ಲೊಂದು ಗೊರಸಿಗೆ ಹೋಗಿದೆ. ಅವಳ ಸೊಂಟ ಈಗ ನೆಟ್ಟಗಾಗುವುದಿಲ್ಲ. ಮೂರು ದಿನ ಕಾಲು ಹಿಡಿದರೆ ನಾಲ್ಕನೇ ದಿನ ರೊಟ್ಟಿ ಹಿಟ್ಟು ನಾದಲು ಬೆರಳು ಮಡಚುವುದಿಲ್ಲ. ಉಣ್ಣೆಯ ಜಿಡ್ಡು ಹೋಗಲು ವಾರ ಬೇಕು. ವಾಸನೆ ಹೋಗುವುದೇ ಇಲ್ಲ.

ಇಷ್ಟನ್ನು ನಾವು ಖಾಲಿ ಇದ್ದಾಗ ಮಾಡುತ್ತಿದ್ದೆವು.

ತುಳಸಿರಾಮ ಸೇಠರು ಕೆಟ್ಟವರಲ್ಲ. ಯಾರನ್ನು ಬೇಕಾದರೂ ಕೇಳಿ, ದೇವರಂಥ ಮನುಷ್ಯ ಅನ್ನುತ್ತಾರೆ. ತಾಂಡೂರಿನಲ್ಲಿ ಅವರ ಕಲ್ಲಿನ ಖಣಿ, ಪಾಲಿಶ್ ಕಾರ್ಖಾನೆ. ಮನೆ ಜಹೀರಾಬಾದಿನಲ್ಲಿ. ಅವರ ತಾಯಿ ಜಗದೇವಿ ಬಾಯಿ ನಮ್ಮ ಪಕ್ಕದ ಊರಿನ ಮಗಳು. ತಾಯಿ ತೀರಿಕೊಂಡ ಮೇಲೆ ಸೇಠರು ಆಕೆಯ ಹೆಸರಿನಲ್ಲಿ ಟ್ರಸ್ಟು ಮಾಡಿದರು. ಸಾಲೆಗೆ ಗಂಟೆ ಕೊಟ್ಟರು, ದವಾಖಾನೆಗೆ ಮಂಚ ಕೊಟ್ಟರು, ದಾಂಬರು ರಸ್ತೆಯಲ್ಲಿ ಬಸ್ಸು ಕಾಯಲು ಕಲ್ಲಿನ ಬೆಂಚು ಹಾಕಿಸಿದರು. ಬೆಂಚಿನ ಮೇಲೆ, ಕೂಡುವ ಕಡೆಯೇ, ತಾಯಿಯ ಹೆಸರು ಕೆತ್ತಿಸಿದ್ದಾರೆ. ತೀರಿಹೋದ ದೊಡ್ಡ ಮನುಷ್ಯಳ ಹೆಸರಿನ ಮೇಲೆ ಹೇಗೆ ಕೂಡುವುದು ಎಂದು ನಮ್ಮ ಓಣಿಯ ಮುದುಕಿಯರು ನಿಂತೇ ಬಸ್ಸು ಕಾಯುತ್ತಾರೆ.

ಪಂಚಾಯಿತಿಯವರು ಬಯಲಿನ ಅರ್ಧವನ್ನು ಟ್ರಸ್ಟಿಗೆ ಬರೆದುಕೊಟ್ಟರು. ಖಾಲಿ ಜಾಗ, ಖಾಲಿ ಹೆಂಗಸರು, ಇನ್ನೇನು ಬೇಕು. ಮೂರು ತಿಂಗಳಲ್ಲಿ ಶೆಡ್ಡು ಎದ್ದಿತು. ನೆಲಕ್ಕೆಲ್ಲ ಸೇಠರದೇ ಕಾರ್ಖಾನೆಯ ಪಾಲಿಶ್ ಕಲ್ಲು. ಮುಖ ಕಾಣುತ್ತಿತ್ತು. ಕಂಬಳಿ ನೇಯುವ ಕೇಂದ್ರ ಅಂದರು. ನಮ್ಮ ಮಗ್ಗ ನೆಲದಲ್ಲಿ ಕುಣಿ ತೋಡಿ ಹೂಡುವಂಥದು. ಮರೆಪ್ಪ ಕಾಕಾ ಒಳಗೆ ಹೋಗಿ ಕಲ್ಲನ್ನು ಬೆರಳಿನಿಂದ ಬಡಿದು ನೋಡಿದ.

"ಸಾರ್, ಕುಣಿ ಎಲ್ಲಿ ತೋಡಬೇಕ್ರಿ?"

"ಕುಣಿ ಯಾಕ? ನೆಲ ಎಷ್ಟು ಚಂದ ಮಾಡೇವಿ, ತೋಡ್ತೀನಂತಿ."

"ಮಗ್ಗಕ್ಕ ಕಾಲ್ ಇಳಿಬಿಡಾಕ ತಗ್ಗ ಬೇಕಲ್ರಿ."

"ಹಂಗಾದ್ರ ಮಗ್ಗ ಬ್ಯಾಡ ಬಿಡು, ಖಾಲಿ ನೂಲಲಿ" ಅಂದರು ಸಾರ್.

ಹಾಗೆ ನೂಲುವ ತರಬೇತಿ ಶುರುವಾಯಿತು. ಹೈದರಾಬಾದಿನಿಂದ ಒಬ್ಬ ಮಾಸ್ತರ ಬಂದ. ಕರೆಂಟಿನ ರಾಟಿ ತಂದ. ನಮ್ಮ ಕರಿ ಉಣ್ಣೆ ಗಿಡ್ಡ, ಒರಟು. ರಾಟಿಗೆ ಹಾಕಿದರೆ ತುಂಡಾಗುತ್ತಿತ್ತು. ನಿಮ್ಮ ಉಣ್ಣೆ ಸರಿಯಿಲ್ಲ ಅಂದ. ಎಲ್ಲಿಂದಲೋ ಬೆಳ್ಳನೆಯ ಮೆತ್ತನೆಯ ಉಣ್ಣೆ ಮೂಟೆಯಲ್ಲಿ ಬಂತು. ಅದನ್ನು ನೂಲಿದೆವು. ನೂಲು ಮೂಟೆಯಲ್ಲಿ ವಾಪಸ್ ಹೋಯಿತು. ಎಲ್ಲಿಗೆ ಎಂದು ಯಾರೂ ಹೇಳಲಿಲ್ಲ. ಕಲಿಯುವವರು ಕೇಳಬಾರದು.

ಶೆಡ್ಡಿಗೆ ನಿಯಮಗಳಿದ್ದವು. ಚಪ್ಪಲಿ ಹೊರಗೆ ಬಿಡಬೇಕು, ಎಲೆ ಅಡಿಕೆ ಹಾಕಬಾರದು, ಕುರಿಯ ವಾಸನೆ ಬರಬಾರದು. ಮಾಸ್ತರ ಮೂಗಿಗೆ ಕರವಸ್ತ್ರ ಕಟ್ಟಿಕೊಂಡೇ ಕಲಿಸಿದ. ಕೊನೆಯ ದಿನ ಪರೀಕ್ಷೆ ನಡೆಯಿತು. ಆಯಿ ಕಣ್ಣು ಮುಚ್ಚಿ ನೂಲುತ್ತಾಳೆ, ಮೊದಲಿನಿಂದಲೂ ಹಾಗೆ. ಎಳೆ ದಪ್ಪವಾದರೆ ಬೆರಳಿಗೇ ತಿಳಿಯುತ್ತದೆ. ಮಾಸ್ತರ ಅವಳ ಹೆಸರಿನ ಮುಂದೆ 'ಗಮನ ಕಡಿಮೆ' ಎಂದು ಬರೆದು ಎರಡನೇ ದರ್ಜೆ ಕೊಟ್ಟ. ನನಗೆ ಮೊದಲ ದರ್ಜೆ. ನನಗೆ ನೂಲಲು ಕಲಿಸಿದವಳು ಆಯಿ.

"ನಿನಗಿಂತ ನಾ ಹುಷಾರ್ ಅಂತ ಬರ್ದಾರ ಆಯಿ" ಅಂದೆ.

"ಹುಷಾರ್ ಇದ್ರ ಛಲೋನೇ ಆತು. ನಾಳಿಂದ ಮನ್ಯಾಗಿನ ಉಣ್ಣಿನೂ ನೀನೇ ನೂಲು."

ಆರೋಗ್ಯ ಶಿಬಿರವೂ ನಡೆಯಿತು. ಡಾಕ್ಟರು ರಕ್ತ ನೋಡಿದರು. ಎಲ್ಲರಿಗೂ ರಕ್ತ ಕಡಿಮೆ ಅಂದರು, ಕೆಂಪು ಟಾನಿಕ್ ಕೊಟ್ಟರು. ಅವ್ವನಿಗೆ ಬಗ್ಗಬೇಡ ಅಂದರು. ಆಯಿಯನ್ನು ಕೂಡಿಸಿಕೊಂಡು, ದಿನಾ ಅರ್ಧ ತಾಸು ನಡೆಯಬೇಕಮ್ಮಾ, ಮನೆಯಲ್ಲಿ ಕೂತರೆ ಮೈ ಹಿಡಿಯುತ್ತದೆ ಎಂದು ತಿಳಿಸಿ ಹೇಳಿದರು. ಆಯಿ ಆ ದಿನ ಬೆಳಿಗ್ಗೆ ಎರಡು ಊರಿನ ಹೊಲ ಸುತ್ತಿ ಮರಿಗಳಿಗೆ ಸೊಪ್ಪು ತಂದಿದ್ದಳು.

"ಆತ್ರಿ ಸಾಹೇಬ್ರ, ನಡೀತೀನಿ" ಅಂದಳು. ಹೊರಗೆ ಬಂದು ನನ್ನನ್ನು ಕೇಳಿದಳು. "ಅರ್ಧ ತಾಸ್ ಆದ ಮ್ಯಾಲ ನಿಂದ್ರಬೇಕೇನ್ ಬೇ?"

ಹೀಗೆ ನಾವು ನಗುತ್ತಿದ್ದೆವು. ನಗುವುದು ಸುಲಭವಾಗಿತ್ತು, ಯಾಕೆಂದರೆ ಅರ್ಧ ಬಯಲು ಇನ್ನೂ ಇತ್ತು. ಆಷಾಢದ ಕತ್ತರಿಗೆ ಇಕ್ಕಟ್ಟಾಯಿತು. ಒಂದು ಹಿಂಡು ಒಣಗುವ ತನಕ ಇನ್ನೊಂದು ಹಿಂಡು ನೀರಿನಲ್ಲೇ ನಿಲ್ಲಬೇಕಾಯಿತು. ಎರಡು ಮರಿ ಕಾಲ್ತುಳಿತಕ್ಕೆ ಸತ್ತವು. ಆದರೂ ಕೆಲಸ ಆಯಿತು.

ಸಂಕ್ರಾಂತಿಯ ಮರುವಾರ ಅನಿಲಕುಮಾರ ಸಾರ್ ನಮ್ಮ ಮನೆಗೇ ಬಂದರು. ಕುರ್ಚಿ ಇರಲಿಲ್ಲ, ಹೊರಸಿನ ಮೇಲೆ ಕೂತರು.

"ಸ್ವರೂಪಾ, ನಿನಗ ಛಲೋ ಸುದ್ದಿ. ಕೇಂದ್ರಕ್ಕ ಒಬ್ರು ಸೂಪರ್‌ವೈಜರ್ ಬೇಕು. ಓದಾಕ ಬರಿಯಾಕ ಬರೋದು ನಿನಗ ಒಬ್ಬಾಕಿಗೇ. ಕುರ್ಚಿ ಮ್ಯಾಲ ಕುಂತು ಹಾಜರಿ ಹಾಕೋದು. ಮ್ಯಾಲ ಫ್ಯಾನ್ ಅದ."

ಅವ್ವ ಕೈಯಲ್ಲಿದ್ದ ಚಹಾದ ಬಟ್ಟಲನ್ನು ಕೆಳಗಿಟ್ಟಳು. "ಕುಂತು ಮಾಡೋ ಕೆಲಸ ಏನ್ರಿ?" ಎಂದು ಎರಡು ಸಲ ಕೇಳಿದಳು.

"ಕುಂತೇ ಅಮ್ಮಾ. ಖರೇ ಅಂದ್ರ ಖರೇ."

ಮುಂದಿನ ಸೋಮವಾರ ಕಾರ್ಯಕ್ರಮ ಇತ್ತು. ಸೇಠರು ಬರುತ್ತಾರೆ, ಟ್ರಸ್ಟಿನ ಕೆಲಸ ನೋಡಲು ಹೈದರಾಬಾದಿನಿಂದ ಒಬ್ಬರು ಮೇಡಂ ಬರುತ್ತಾರೆ, ಹೆಂಗಸರೆಲ್ಲರಿಗೂ ಕಂಬಳಿ ಕೊಡುತ್ತಾರೆ. ನಾನು ಎಲ್ಲರ ಪರವಾಗಿ ಉಪಕಾರ ಸ್ಮರಣೆಯ ಪತ್ರ ಓದಬೇಕು. ಓದಿದ ಮೇಲೆ ಸೂಪರ್‌ವೈಜರ್ ಎಂದು ನನ್ನ ಹೆಸರು ಹೇಳುತ್ತಾರೆ. ಸಾರ್ ಪತ್ರ ಕೊಟ್ಟರು.

"ಸೋಮಾರ ಕುರಿ ಬರ್ತಾವ್ರಿ" ಅಂದಳು ಅವ್ವ.

"ಕುರಿ ಮಂಗಳಾರ ಬರಲಿ. ಪೆಂಡಾಲ್ ಬಯಲಾಗೇ ಹಾಕ್ತೀವಿ."

ಅವರು ಹೊರಡುವಷ್ಟರಲ್ಲಿ ನಾನು ಪತ್ರ ಓದಿ ಮುಗಿಸಿದ್ದೆ. ತೆಲುಗು ಪತ್ರ. ಸಂತೆಯ ತೆಲುಗು ನಮ್ಮೂರಲ್ಲಿ ಎಲ್ಲರಿಗೂ ಬರುತ್ತದೆ. ಕಾಗದದ ತೆಲುಗು ಯಾರಿಗೂ ಬರುವುದಿಲ್ಲ. ಕೊನೆಯ ಸಾಲುಗಳನ್ನು ಮತ್ತೊಮ್ಮೆ ಓದಿದೆ. ಕೆರೆಯ ಕೆಳಗೆ ಉಳಿದಿರುವ ಅರ್ಧ ಬಯಲು ಯಾರ ಉಪಯೋಗಕ್ಕೂ ಇಲ್ಲ, ಎರಡನೆಯ ಶೆಡ್ಡಿಗೆ ಅದನ್ನು ಸ್ವೀಕರಿಸಬೇಕೆಂದು ನಾವು ನಲವತ್ತಮೂರು ಮಂದಿ ಕೈಮುಗಿದು ಬೇಡುತ್ತೇವೆ ಎಂದಿತ್ತು. ಪತ್ರದ ಕೊನೆಯ ಹಾಳೆಯಲ್ಲಿ ಹೆಸರುಗಳ ಪಟ್ಟಿ ಇತ್ತು. ಪಟ್ಟಿಯ ತಲೆಗೆ 'ಕಂಬಳಿ ಮುಟ್ಟಿದ ಬಗ್ಗೆ' ಎಂದು ಬರೆದಿತ್ತು. ಹೆಬ್ಬೆಟ್ಟಿಗೆ ಜಾಗ ಬಿಟ್ಟಿದ್ದರು. ಕಂಬಳಿಗೆ ಒತ್ತಿದ ಹೆಬ್ಬೆಟ್ಟೇ ಬಯಲಿಗೂ ಆಗುತ್ತಿತ್ತು.

ನಾನು ಬಾಗಿಲ ತನಕ ಹೋದೆ. ಅವರ ಚಪ್ಪಲಿ ನೋಡುತ್ತ ಕೇಳಿದೆ.

"ಸಾರ್, ಇದರಾಗ ಬಯಲ ಬರ್ದಾರಲ್ರಿ."

"ಅದೆಲ್ಲ ಆಫೀಸಿಂದು. ನೀ ಯಾಕ ತಲಿ ಕೆಡಿಸ್ಕೋತಿ? ನೀ ಖಾಲಿ ಓದು."

ಅವರೂ ನಮ್ಮ ಹಾಗೆಯೇ ಖಾಲಿ ಅಂದರು. ಬರೇ ಓದು ಎಂಬ ಅರ್ಥದಲ್ಲಿ. ಆಗ ನನಗೆ ಶೆಡ್ಡಿನೊಳಗೆ ಅವರು ಆಡಿದ ಮಾತೂ ನೆನಪಾಯಿತು. ಖಾಲಿ ನೂಲಲಿ ಅಂದಿದ್ದರು. ಆ ಮಾತಿನ ಅರ್ಥ ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಅವ್ವ ಕುರಿ ನೋಡಿಕೊಳ್ಳುತ್ತೇನೆ ಅಂದದ್ದು, ಕಾಕು ನೂಲುತ್ತೇನೆ ಅಂದದ್ದು, ಕಾಕಾ ಕುರಿ ತೊಳೆಯುವ ಜಾಗ ಅಂದದ್ದು, ಎಲ್ಲ ಸರಿಯಾಗಿಯೇ ಕೇಳಿಸಿತ್ತು. ಕೇಳಿಸಿಕೊಂಡು ಒತ್ತಿದ್ದರು.

ಆ ಐದು ದಿನ ನಾನು ಯಾರಿಗೂ ಏನೂ ಹೇಳಲಿಲ್ಲ. ಅವ್ವ ಹೊಸ ಸೀರೆಗೆ ಜಂಪರ್ ಹೊಲಿಸಿದಳು. ರೊಟ್ಟಿ ಬಡಿಯುತ್ತ ಒಂದು ಸಲ ತಾನೇ ಮಾತಾಡಿಕೊಂಡಳು. "ನನ್ನ ಮಗಳು ಕುರಿ ಕಾಲ್ ಹಿಡಿಯಂಗಿಲ್ಲ. ಅಕಿ ಸೊಂಟ ನೆಟ್ಟಗ ಇರ್ತದ." ನಾನು ಆ ಮಾತು ಕೇಳದವಳ ಹಾಗೆ ಹಿಟ್ಟು ಜರಡಿ ಹಿಡಿದೆ. ಕುರ್ಚಿ ನನಗೂ ಬೇಕಿತ್ತು. ಬೇಡ ಅಂದರೆ ಸುಳ್ಳಾಗುತ್ತದೆ.

ಸೋಮವಾರ ಬಯಲಿನ ತುಂಬ ಪೆಂಡಾಲು. ಕೆಂಪು ಜಮಖಾನೆ ಹಾಸಿದ್ದರು. ಜಗದೇವಿ ಬಾಯಿಯ ದೊಡ್ಡ ಫೋಟೋ, ಮಾಲೆ. ನಮ್ಮನ್ನು ಹತ್ತು ಗಂಟೆಗೇ ಸಾಲಾಗಿ ಕೂಡಿಸಿದರು. ಮೇಡಂ ಕಾರು ರಸ್ತೆಗೆ ಬಂತು ಎಂದು ಸುದ್ದಿ ಬಂದಾಗ ಅನಿಲಕುಮಾರ ಸಾರ್ ಒಂದು ಡಬ್ಬಿ ತಂದರು. ಮಲ್ಲಿಗೆ ವಾಸನೆಯದು, ಕೋಣೆಗೆ ಹೊಡೆಯುವಂಥದು. ಸಾಲಿನ ಆ ತುದಿಯಿಂದ ಈ ತುದಿಯವರೆಗೆ ನಮ್ಮ ಮೇಲೆ ಹೊಡೆಯುತ್ತ ಬಂದರು. ತೊಗರಿಯ ಹುಳಕ್ಕೆ ಎಣ್ಣೆ ಹೊಡೆದ ಹಾಗೆ. ಆಯಿಯ ಕಣ್ಣಿಗೆ ಬಿತ್ತು, ಸೆರಗಿನಿಂದ ಒರೆಸಿಕೊಂಡಳು.

ಮೋನಮ್ಮ ಕಾಕು ಕೇಳಿದಳು. "ಸಾರ್, ಎಷ್ಟು ದಿನಕ್ಕ ಸಾಯ್ತೀವ್ರಿ?"

ಸಾಲು ನಕ್ಕಿತು. ಸಾರ್ ನಗಲಿಲ್ಲ. ಅವರ ಅಂಗಿ ಬೆವರಿಗೆ ಅಂಟಿತ್ತು. ಡಬ್ಬಿಯನ್ನು ತಮ್ಮ ಮೇಲೂ ಸ್ವಲ್ಪ ಹೊಡೆದುಕೊಂಡರು.

ಸೇಠರು ಬಂದರು. ಬಿಳಿ ಬಟ್ಟೆ, ಮೆತ್ತಗಿನ ಮಾತು. ನಮ್ಮ ಮಾತೇ ಆಡಿದರು. "ಎಲ್ಲಾರೂ ಆರಾಮ ಇದ್ದೀರೇನ್ರೇ ಅಕ್ಕಗೋಳ್ರಾ? ನಮ್ಮವ್ವನ ಊರಿನ ಕಡೆಯವ್ರು ನೀವು. ನನಗ ಅವ್ವ ಇದ್ದಂಗ." ಎಲ್ಲರೂ ಕೈಮುಗಿದೆವು. ಕಂಬಳಿ ಹಂಚಿದರು. ಯಂತ್ರದ ಕಂಬಳಿ, ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟದ್ದು, ಮೇಲೆ ಗುಲಾಬಿ ಹೂವು. ಕಂಬಳಿ ನೇಯುವವರ ಓಣಿಗೆ ಕಂಬಳಿ. ಒಂದೊಂದನ್ನು ಕೊಡುವಾಗಲೂ ಮೇಡಂ ಫೋಟೋ ತೆಗೆದರು.

ಆಮೇಲೆ ನನ್ನ ಹೆಸರು ಕರೆದರು.

ಮೈಕಿನ ಮುಂದೆ ನಿಂತೆ. ನಾನು ನಾಲ್ಕು ಜನರ ಮುಂದೆ ನೀರು ಕೇಳಿದವಳಲ್ಲ. ಪತ್ರದ ಮೊದಲ ಸಾಲನ್ನು ತೆಲುಗಿನಲ್ಲಿ ಓದಿದೆ. ಸಾರ್ ತಲೆ ಆಡಿಸಿದರು. ಮೇಡಂ ನಕ್ಕರು. ಎದುರಿಗೇ ಅವ್ವ ಕೂತಿದ್ದಳು. ಪತ್ರದಿಂದ ಸಾರ್ ಬಿಡಿಸಿಕೊಂಡಿದ್ದ ಪಟ್ಟಿಯ ಹಾಳೆ, ಮಸಿಯ ಪೆಟ್ಟಿಗೆ ಮೊದಲು ಅವಳ ಹತ್ತಿರವೇ ಬಂದಿದ್ದವು. ಅವಳು ಹೆಬ್ಬೆಟ್ಟಿಗೆ ಆಗಲೇ ಮಸಿ ಮಾಡಿಕೊಂಡು, ನಾನು ಮುಗಿಸಲಿ ಎಂದು ಬೆರಳನ್ನು ಮೇಲೆ ಹಿಡಿದು ಕಾಯುತ್ತಿದ್ದಳು. ಮುಖದಲ್ಲಿ ನಗು. ಹೋದ ಹಲ್ಲಿನ ಜಾಗ ಕಾಣುತ್ತಿತ್ತು.

ನಾನು ಓದಿದ ಸಾಲನ್ನು ನಮ್ಮ ಮಾತಿನಲ್ಲಿ ಹೇಳಿದೆ.

"ನಾವು ಯಾವ ಕೆಲಸಾನೂ ಇಲ್ದ ಮನ್ಯಾಗ ಖಾಲಿ ಕುಂತಿದ್ವಿ ಅಂತ ಬರ್ದಾರ."

ಧ್ವನಿ ಎಷ್ಟು ಸಣ್ಣಗೆ ಬಂತೆಂದರೆ ಮೈಕು ಇಲ್ಲದಿದ್ದರೆ ನನಗೇ ಕೇಳುತ್ತಿರಲಿಲ್ಲ. ಆದರೆ ಮೈಕು ಸೇಠರದು, ಒಳ್ಳೆಯ ಮೈಕು. ಕೆರೆಯ ಏರಿಯ ತನಕ ಕೇಳಿಸಿತು.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎರಡನೇ ಸಾಲು ಓದಿದೆ. ಅದನ್ನೂ ಹೇಳಿದೆ. "ನಮಗ ನೂಲಾಕ ಬರ್ತಿರಲಿಲ್ಲ, ಟ್ರಸ್ಟಿನವ್ರು ಕಲಿಸಿದ್ರು ಅಂತ ಬರ್ದಾರ."

ಸಾರ್ ಹತ್ತಿರ ಬಂದು ಮೆಲ್ಲಗೆ ಅಂದರು. "ಖಾಲಿ ತೆಲುಗು ಓದು."

ಮೂರನೇ ಸಾಲು ಓದಿದೆ. ಪತ್ರವನ್ನು ಎರಡೂ ಕೈಯಿಂದ ಹಿಡಿದುಕೊಂಡೆ.

"ಉಳಿದ ಅರ್ಧ ಬಯಲ ಯಾರಿಗೂ ಬ್ಯಾಡಾಗ್ಯಾದ, ಅದನ್ನೂ ತಗೋರಿ ಅಂತ ನಾವು ಕೈಮುಗಿದು ಕೇಳ್ತೀವಿ ಅಂತ ಬರ್ದಾರ. ಕಂಬಳಿಗಿ ಒತ್ತೋ ಹೆಬ್ಬೆಟ್ಟು ಇದಕ್ಕೇ ಬೀಳ್ತದ."

ಅಷ್ಟೇ. ನನ್ನದು ಅಂತ ಒಂದು ಮಾತೂ ಸೇರಿಸಲಿಲ್ಲ. ಅವರು ಬರೆದದ್ದನ್ನೇ ಹೇಳಿದೆ.

ಮೊದಲು ಎದ್ದವಳು ಮೋನಮ್ಮ ಕಾಕು. "ಖಾಲಿ ಕುಂತಿದ್ದು ಯಾರ್ ನೋಡ್ಯಾರ? ನಾ ಕುಂತಿದ್ದು ನೋಡಿದವ್ರು ಇದ್ರ ಜರಾ ಹೇಳ್ರಿ, ಯಾವ ದಿನ ಅಂತ. ನನಗರ ನೆಪ್ಪಿಲ್ಲ." ಹಿಂದಿನ ಸಾಲುಗಳಲ್ಲಿ ಗದ್ದಲ ಎದ್ದಿತು. ಬಯಲು ಹೋದರೆ ಕುರಿ ಎಲ್ಲಿ ಒಣಗಿಸಬೇಕು ಎಂದು ಒಬ್ಬಳು. ಸರಪಂಚ ಎಲ್ಲಿದ್ದಾನೆ ಎಂದು ಇನ್ನೊಬ್ಬಳು. ಮೇಡಂಗೆ ನಮ್ಮ ಮಾತು ಬರುತ್ತಿರಲಿಲ್ಲ. ಹೆಂಗಸರು ಹುರುಪಿನಿಂದ ಮಾತಾಡುತ್ತಿದ್ದಾರೆ ಎಂದು ಅವರು ಚಪ್ಪಾಳೆ ತಟ್ಟಿದರು.

ಸೇಠರು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಸಿಟ್ಟಾಗಲಿಲ್ಲ.

"ನಾ ನಿಮ್ಮ ಒಳ್ಳೇದಕ್ಕೇ ಮಾಡಾಕತ್ತೀನಿ ನೋಡ್ರೇ. ಮಾಳಮ್ಮಾ, ನೀ ಹಿರ್ಯಾಕಿ. ನೀನರ ಹೇಳು."

ಆಯಿ ನಿಂತಳು. ಕಂಬಳಿಯ ಚೀಲ ಬಗಲಲ್ಲಿತ್ತು.

"ಒಳ್ಳೇದ ಆಗ್ಯಾದ್ರಿ ಸೇಠ್ರ. ಅರ್ಧ ಬಯಲ ಹೋಗೋವಷ್ಟು ಒಳ್ಳೇದ ಆಗ್ಯಾದ. ಇನ್ನ ಸಾಕ್ರಿ." ಆಮೇಲೆ ಫೋಟೋ ಕಡೆ ನೋಡಿದಳು. "ನಮಗ ನೂಲಾಕ ಬರ್ತಿರಲಿಲ್ಲಂತ. ನಿಮ್ಮವ್ವ ತವರಿಗಿ ಬಾಣಂತನಕ್ಕ ಬಂದಾಗ ಹೊಚ್ಚಕೊಂಡಿದ್ದ ಕಂಬಳಿ ನಾನೂ ನಮ್ಮತ್ತಿನೂ ಕೂಡಿ ನೂಲಿದ್ದು. ನೀವು ಅದರಾಗೇ ಇದ್ರಿ."

ಸೇಠರ ಮುಖದಲ್ಲಿ ನಗು ಇನ್ನೂ ಇತ್ತು. ಅದನ್ನು ಎಲ್ಲಿ ಇಡಬೇಕೆಂದು ಅವರಿಗೆ ತಿಳಿಯಲಿಲ್ಲ.

ನಾನು ಅವ್ವನನ್ನು ನೋಡಿದೆ. ಅವಳ ಹೆಬ್ಬೆಟ್ಟು ಇನ್ನೂ ಮೇಲೆಯೇ ಇತ್ತು. ಅವಳು ನನ್ನನ್ನು ನೋಡಿದಳು, ಪಟ್ಟಿಯನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು. ಅವಳ ನಗು ಹೋಗಿತ್ತು. ಕುರ್ಚಿ ಹೋಯಿತು ಎಂದು ಅವಳಿಗೆ ತಿಳಿಯಿತು. ಪಟ್ಟಿಯಲ್ಲಿ ಅವಳದೇ ಮೊದಲ ಹೆಸರು. ಆಮೇಲೆ ಹೊಸ ಸೀರೆಯ ಸೆರಗನ್ನು ಹಿಡಿದು ಹೆಬ್ಬೆಟ್ಟನ್ನು ಗಟ್ಟಿಯಾಗಿ ಒರೆಸಿದಳು. ಮಸಿ ಪೂರ್ತಿ ಹೋಗಲಿಲ್ಲ. ಉಗುಳು ಹಚ್ಚಿ ಮತ್ತೆ ಒರೆಸಿದಳು. ಕಂಬಳಿಯ ಚೀಲವನ್ನು ಕೆಂಪು ಜಮಖಾನೆಯ ಮೇಲಿಟ್ಟು ಎದ್ದಳು.

ಅವಳ ಹಿಂದೆ ಎಲ್ಲರೂ ಇಟ್ಟರು. ಆಯಿ ತನ್ನದನ್ನು ಫೋಟೋದ ಮುಂದೆ ಇಟ್ಟಳು. "ಚಳಿ ಅದ, ನಿಮ್ಮವ್ವಗ ಹೊಚ್ಚರಿ" ಅಂದಳು.

ಅಷ್ಟರಲ್ಲಿ ಏರಿಯ ಮೇಲೆ ಕುರಿಗಳ ಸದ್ದು ಕೇಳಿಸಿತು. ಗಂಡಸರಿಗೆ ಮಂಗಳವಾರ ಬರಲು ಹೇಳಿ ಕಳಿಸಿದ್ದೆವು. ಕುರಿಗಳಿಗೆ ಹೇಳಲು ಆಗಿರಲಿಲ್ಲ. ನೀರಿನ ವಾಸನೆಗೆ ಅವು ಗಂಡಸರನ್ನು ಹಿಂದೆ ಬಿಟ್ಟು ತಾವೇ ಕೆರೆಗೆ ಇಳಿದಿದ್ದವು. ಒದ್ದೆ ಮೈಯಲ್ಲಿ ಸಾಲುಸಾಲಾಗಿ ಏರಿ ದಾಟಿ ಬಯಲಿಗೆ ಬಂದವು. ಪೆಂಡಾಲಿನ ಗೂಟಗಳ ನಡುವೆ ನುಗ್ಗಿ ಮೈ ಕೊಡವಿದವು. ಮೇಡಂ ಕುರ್ಚಿಯ ಮೇಲೆ ಕಾಲು ಮಡಚಿಕೊಂಡರು. ಸೇಠರು, ಮೇಡಂ ಕಾರು ಹತ್ತಿದರು. ಕಾರು ಕದಲಲಿಲ್ಲ. ಡ್ರೈವರ್ ಹಾರ್ನ್ ಹೊಡೆದ. ಕುರಿಗಳು ಕಿವಿ ಕೂಡ ಅಲ್ಲಾಡಿಸಲಿಲ್ಲ. ಮರೆಪ್ಪ ಕಾಕಾ ಕಿಟಕಿಯ ಹತ್ತಿರ ಹೋಗಿ ಮರ್ಯಾದೆಯಿಂದಲೇ ಅಂದ. "ಜರಾ ತಡೀರಿ ಸೇಠ್ರ. ಇನ್ನೊಂದು ಹಿಂಡ ಅದ."

ಪೆಂಡಾಲಿನವರು ಬಂದು ಬಟ್ಟೆ ಬಿಚ್ಚಿಕೊಂಡು ಹೋದರು. ಬಯಲಿನಲ್ಲಿ ಕುರಿ ಒಣಗಿದವು. ಗಂಡಸರು ಕತ್ತರಿ ಮಸೆದರು. ಅವ್ವ ನನ್ನನ್ನು ಬಿಟ್ಟು ದೂರ ಹೋಗಿ ಬೇರೆ ಹಿಂಡಿನ ಕುರಿಯ ಕಾಲು ಹಿಡಿದಳು. ನಾನು ನಮ್ಮ ಹಿಂಡಿಗೆ ಕೂತೆ. ಅಪ್ಪ ಕತ್ತರಿ ಆಡಿಸುತ್ತಿದ್ದ. ದೊಡ್ಡ ಟಗರು, ಒಬ್ಬಳಿಗೆ ಹಿಡಿತ ಸಿಗುತ್ತಿರಲಿಲ್ಲ.

ಅನಿಲಕುಮಾರ ಸಾರ್ ಬಂದು ನಿಂತರು. ಅವರನ್ನು ಕಾರಿನಲ್ಲಿ ಕರೆದುಕೊಂಡು ಹೋಗಿರಲಿಲ್ಲ.

"ನಿನ್ನ ಹೆಸರು ತೆಗೆದ್ರು."

ನಾನು ತಲೆ ಆಡಿಸಿದೆ.

"ನಂದೂ ಉಳಿಯೋದು ಡೌಟು. ನಮ್ಮಪ್ಪ ಅವ್ರ ಖಣ್ಯಾಗ ಕಲ್ಲ್ ಒಡಿತಾನ, ತಾಂಡೂರಾಗ. ಅವರೇ ನನ್ನ ಓದಿಸಿದ್ದು." ದಾಂಬರು ರಸ್ತೆಯ ಕಡೆ ನೋಡಿದರು. "ಅವ್ರು ಮತ್ತ ಬರ್ತಾರ, ಸ್ವರೂಪಾ. ಕಾಗದ ಬೇರೆ ಮಾಡ್ಕೊಂಡು ಬರ್ತಾರ."

ಟಗರು ಹಿಂಗಾಲು ಕಿತ್ತುಕೊಂಡು ಒದೆಯಿತು. ನನ್ನ ಭುಜಕ್ಕೆ ಬಿತ್ತು. ನಾನು ತಲೆ ಎತ್ತಿ ಅವರ ಮುಖ ನೋಡಿದೆ.

"ಆ ಕಾಲ್ ಜರಾ ಹಿಡೀರಿ ಸಾರ್."

ಅವರು ಸುತ್ತ ನೋಡಿದರು. ಆಮೇಲೆ ಪ್ಯಾಂಟು ಮೇಲೆತ್ತಿಕೊಂಡು ಕುಕ್ಕರಗಾಲಲ್ಲಿ ಕೂತರು. ಎರಡು ಬೆರಳಿನಿಂದ ಹಿಡಿದರು. ಟಗರು ಜಾಡಿಸಿತು. ಎರಡೂ ಕೈ ಹಾಕಿ ಹಿಡಿದರು. ಅಪ್ಪ ಕತ್ತರಿ ನಡೆಸಿದ. ಕರಿ ಉಣ್ಣೆ ಸುರುಳಿಯಾಗಿ ಅವರ ಮೊಣಕಾಲಿನ ಮೇಲೆ ಬೀಳುತ್ತ ಹೋಯಿತು. ಅವರ ಮೂಗಿನ ತುದಿಯಿಂದ ಬೆವರು ಇಳಿಯಿತು. ಒರೆಸಿಕೊಳ್ಳಲು ಕೈ ಇರಲಿಲ್ಲ.

"ಬಿಡ್ಲೇನು?" ಎಂದು ಕೇಳಿದರು.

"ಬ್ಯಾಡ್ರಿ" ಅಂದೆ. "ಇನ್ನ ಅರ್ಧ ಅದ."